ಹಿಂದೆ ಬರುವವರಿಗೆ ಜಾಗವಿಲ್ಲದ ಆಟ

ಕೋರ್ಟಿನಲ್ಲಿ ದಿನವಿಡೀ ಪಾಲು ಕೇಳುವವರ ಜಗಳ ಕೇಳಿ ಬರುವ ನನಗೆ, ಮನೆಯಲ್ಲೂ ಯಾರು ಹೆಚ್ಚು ಯಾರು ಕಡಿಮೆ ಎಂದು ತೂಗುವ ಆಟವೊಂದು ಖಂಡಿತ ಬೇಕಾಗಿರಲಿಲ್ಲ. ಆದರೂ ಬಂತು. ನಾವೇ ಕಾದು ಕಾದು ತರಿಸಿಕೊಂಡೆವು. ಅದನ್ನು ಮಾಡಿದವರು ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲ. ಗೊತ್ತಿದ್ದರೆ ಒಂದು ನೋಟಿಸು ಕಳಿಸಿಯೇ ಬಿಡುತ್ತಿದ್ದೆ.

ಅದು ಆಟದ ಎರಡನೇ ಭಾಗ. ಮೊದಲ ಭಾಗದಿಂದ ಹೇಳುತ್ತೇನೆ. ನನ್ನ ತವರು ಹುಕ್ಕೇರಿ, ನನ್ನನ್ನು ಕೊಟ್ಟದ್ದು ಕುಲಗೋಡದ ಕುರಿ ಸಾಕುವ ಮನೆಗೆ, ಸಂಸಾರ ಮಾತ್ರ ಗೋಕಾಕದಲ್ಲಿ. ನಾನು ವಕೀಲೆ, ಗಂಡ ಹೈಸ್ಕೂಲು ಮಾಸ್ತರ. ಊರಲ್ಲಿ ಕುರಿ, ಕಬ್ಬು ಎಲ್ಲ ಭಾವನವರು ನೋಡಿಕೊಳ್ಳುತ್ತಾರೆ. ಅತ್ತೆ ಮೊಣಕಾಲು ತೋರಿಸಲೆಂದು ಗೋಕಾಕಕ್ಕೆ ಬಂದವರು ಇಲ್ಲೇ ಉಳಿದರು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳ ಆಡುವಷ್ಟು ಮಾತೇ ಇರಲಿಲ್ಲ. "ಚಾ ಆತೇನ?" ಎಂದರೆ "ಆತ್ರಿ" ಎನ್ನುತ್ತಿದ್ದೆ. "ಇವತ್ತ ಕೋರ್ಟ ಐತೇನ?" ಎಂದರೆ "ಐತ್ರಿ" ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ಅವರು ಕಿಟಕಿಯ ಹತ್ತಿರ ಕುಳಿತು ರಸ್ತೆ ನೋಡುತ್ತಿದ್ದರು, ನಾನು ನನ್ನ ಫೈಲು ನೋಡುತ್ತಿದ್ದೆ.

ನನ್ನ ಗಂಡನಿಗೆ ಆಗಾಗ ಒಂದೊಂದು ಹುಚ್ಚು ಹಿಡಿಯುತ್ತದೆ. ಒಮ್ಮೆ ಹಾರ್ಮೋನಿಯಂ, ಒಮ್ಮೆ ಮೀನಿನ ಗಾಜಿನ ಪೆಟ್ಟಿಗೆ. ಆ ಸಲ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಡಬ್ಬಿ. ಜೊತೆ ಕೆಲಸ ಮಾಡುವವರೊಬ್ಬರಿಂದ ಕೊಂಡು ತಂದರು, ವಾರ ತುಂಬುವುದರೊಳಗೆ ಬೇಸರವಾಗಿ ಬಿಟ್ಟರು. ಡಬ್ಬಿ ಉಳಿಯಿತು, ಅದರೊಳಗೊಂದು ಆಟವೂ ಉಳಿಯಿತು.

ಅದು ಇಬ್ಬರೇ ಆಡುವ ಆಟ. ಒಬ್ಬರಿಂದ ಶುರುವಾಗುವುದೇ ಇಲ್ಲ. ಕೆಂಪು ಟೊಪ್ಪಿಗೆಯ ಒಂದು ಗೊಂಬೆ, ಹಳದಿ ಟೊಪ್ಪಿಗೆಯ ಇನ್ನೊಂದು. ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ, ಗುಂಡಿ ದಾಟುತ್ತ ಬೆಟ್ಟ ಹತ್ತಬೇಕು. ದಾರಿಯಲ್ಲಿ ಬಾಗಿಲುಗಳು ಬರುತ್ತವೆ. ಒಬ್ಬರು ಕಲ್ಲಿನ ಮೇಲೆ ನಿಂತರೆ ಇನ್ನೊಬ್ಬರಿಗೆ ಬಾಗಿಲು ತೆರೆಯುತ್ತದೆ, ಆಚೆ ಹೋದವರು ಅಲ್ಲಿನ ಕಲ್ಲಿನ ಮೇಲೆ ನಿಂತು ಈಚೆಯವರನ್ನು ಕರೆಸಿಕೊಳ್ಳಬೇಕು. ಒಬ್ಬರು ಗುಂಡಿಗೆ ಬಿದ್ದರೆ ಇನ್ನೊಬ್ಬರು ತಿರುಗಿ ಬಂದು ಹಗ್ಗ ಬಿಡಬೇಕು. ಅಲ್ಲಲ್ಲಿ ಸಿಗುವ ಬಿಳಿ ಮರಿಗಳನ್ನು ಮುಟ್ಟಿದರೆ ಅವು ಹಿಂದಿನವರ ಬೆನ್ನು ಹತ್ತಿ ಬರುತ್ತವೆ. ಅವು ಬೆಕ್ಕಿನ ಮರಿಯೋ ಮೊಲವೋ ನನಗೆ ಇಂದಿಗೂ ತಿಳಿಯದು. ಅತ್ತೆ ನೋಡಿದ ಕೂಡಲೇ ಕುರಿಮರಿ ಎಂದು ತೀರ್ಮಾನಿಸಿದರು.

ಒಂದು ರಜೆಯ ಮಧ್ಯಾಹ್ನ ಬೇರೆ ಯಾರೂ ಇಲ್ಲದೆ ನಾನು ಅವರ ಕೈಗೆ ರಿಮೋಟು ಕೊಟ್ಟೆ. ಬರೀ ಬೇಸರಕ್ಕೆ. ಅವರು ತಪ್ಪು ಗುಂಡಿ ಒತ್ತಿ ಒತ್ತಿ ನನ್ನ ತಲೆ ತಿಂದರು. ಜಿಗಿಯಿರಿ ಎಂದರೆ ಕೂರುತ್ತಿದ್ದರು, ಕೂರಿ ಎಂದರೆ ಹಳ್ಳಕ್ಕೆ ಹಾರುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರಿಗೆ ಏನೂ ಕಲಿಸಬೇಕಾಗಲಿಲ್ಲ. ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುವಾಗ ಒಬ್ಬರು ಮುಂದೆ ಕರೆಯುತ್ತ ನಡೆಯುತ್ತಾರೆ, ಒಬ್ಬರು ಹಿಂದೆ ಉಳಿದವುಗಳನ್ನು ನೋಡಿಕೊಳ್ಳುತ್ತ ಬರುತ್ತಾರೆ. ಹಿಂದಿನವರು ಬಂದು ಸೇರುವ ತನಕ ಮುಂದಿನವರು ಹಳ್ಳ ದಾಟುವ ಹಾಗಿಲ್ಲ. ಅತ್ತೆ ಮದುವೆಯಾದಾಗಿನಿಂದ ಹಿಂದೆಯೇ ನಡೆದವರು. ಆಟದಲ್ಲೂ ಹಳದಿ ಟೊಪ್ಪಿಗೆ ತೊಟ್ಟು ಹಿಂದೆಯೇ ನಿಂತರು. ನನಗೋ ಮೊದಲಿನಿಂದ ಅವಸರದ ಸ್ವಭಾವ, ನಾನು ಮುಂದೆ ಓಡುತ್ತಿದ್ದೆ. "ಅತ್ತಿ, ಎಲ್ಲಿದ್ದೀರಿ?" ಎಂದು ಕೂಗಿದರೆ, "ನೀ ನಡಿ, ನಾ ಅದೇನಿ" ಎನ್ನುತ್ತಿದ್ದರು. ಮರಿ ಒಂದೂ ಬಿಡದೆ ಕರೆತರುತ್ತಿದ್ದರು. ಒಂದು ತಪ್ಪಿದರೂ ನನ್ನನ್ನು ಬೆಟ್ಟದ ಅರ್ಧದಿಂದ ಕೆಳಗಿಳಿಸುತ್ತಿದ್ದರು. ಬೈದುಕೊಂಡೇ ಇಳಿಯುತ್ತಿದ್ದೆ.

ಆಡುತ್ತ ಆಡುತ್ತ ಮಾತು ಬಂತು. ಬಾಗಿಲ ಬಳಿ ಕಾಯುವಾಗ ಅವರು ತಮ್ಮ ಅತ್ತೆಯ ಸುದ್ದಿ ಹೇಳಿದರು, ನಾನು ನ್ಯಾಯಾಧೀಶರ ಮುಂದೆ ತಬ್ಬಿಬ್ಬಾದ ಕಥೆ ಹೇಳಿದೆ. ಅಡುಗೆ ಮನೆಯಲ್ಲೂ ಮಾತು ಮುಂದುವರಿಯಿತು. ನನ್ನ ರೊಟ್ಟಿ ದಪ್ಪ ಎಂದು ಮುಖದ ಮೇಲೆ ಹೇಳುವಷ್ಟು ಸಲಿಗೆ ಬೆಳೆಯಿತು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಹೀಗೆ ಬೈದವರು ಯಾರೂ ಇರಲಿಲ್ಲ. ನನಗೆ ಬಹಳ ಹಿತವಾಗಿತ್ತು, ಅಷ್ಟೇ ವಿಷಯ. ಬೆಟ್ಟದ ತುದಿ ಮುಟ್ಟಿದ ಮೇಲೂ ಮತ್ತೆ ಮೊದಲಿನಿಂದ ಹತ್ತಿದೆವು.

ಎರಡನೇ ಭಾಗ ಬರುತ್ತದೆ ಎಂದು ಸುದ್ದಿ ಬಂದಾಗ ಅತ್ತೆ ನನಗಿಂತ ಹೆಚ್ಚು ಕಾದರು. "ಈ ಸಲ ಯಾವ ಗುಡ್ಡ ಐತೋ ಏನೋ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡರು. ಕೊನೆಗೆ ಒಂದು ಸಂಜೆ ನನ್ನ ಗಂಡ ಪೇಟೆಯಿಂದ ಗೆದ್ದವರ ಹಾಗೆ ಬಂದರು.

"ಹಳೇ ಡಿಸ್ಕ ಕೊಟ್ಟ ಹೊಸಾದ ತಂದೇನಿ" ಎಂದರು.

"ಹಳೇದ ಯಾಕ ಕೊಟ್ಟ್ರಿ?"

"ಹೊಸಾದ ಬಂದ ಮ್ಯಾಲ ಹಳೇದ ಯಾತಕ್ಕ?"

ಮಕ್ಕಳಿಗೆ ಪಾಠ ಹೇಳುವವರು ಹೀಗೆ ಯೋಚಿಸಿದರೆ ದೇಶದ ಗತಿ ಏನು ಎಂದು ನಾನು ಕೇಳಲಿಲ್ಲ. ಮರುದಿನವೇ ಅಂಗಡಿಗೆ ಹೋದೆ. ಹಳೆಯದು ಆಗಲೇ ಮಾರಿ ಹೋಗಿತ್ತು.

ಇನ್ನು ಹೊಸದರ ಬಗ್ಗೆ. ಮುಂದಿನ ಭಾಗ ಮಾಡುವವರಿಗೆ ಇದೊಂದು ಚಟ ಇರಬೇಕು: ಮೊದಲನೆಯದರಲ್ಲಿ ಏನು ಚೆನ್ನಾಗಿತ್ತೋ ಅದನ್ನೇ ಹುಡುಕಿ ಕಿತ್ತು ಹಾಕುವುದು. ಬೆಟ್ಟ ಇನ್ನೂ ಎತ್ತರವಾಗಿತ್ತು, ಬಣ್ಣ ಕಣ್ಣಿಗೆ ರಾಚುತ್ತಿತ್ತು, ನಡುನಡುವೆ ಗೊಂಬೆಗೆ ಬಟ್ಟೆ ಕೊಳ್ಳುವ ಅಂಗಡಿ ಬೇರೆ. ಬೆಟ್ಟ ಹತ್ತುವವರಿಗೆ ಜರತಾರಿ ಅಂಗಿ ಯಾಕೆ? ಬಾಗಿಲುಗಳು ತಾವಾಗಿಯೇ ತೆರೆಯುತ್ತಿದ್ದವು. ಕಲ್ಲಿನ ಮೇಲೆ ಯಾರೂ ನಿಲ್ಲಬೇಕಾಗಿಲ್ಲ, ಹಗ್ಗ ಬಿಡಬೇಕಾಗಿಲ್ಲ. ಮರಿಗಳು ಹಿಂದೆ ಬರುವುದಿಲ್ಲ, ಮುಟ್ಟಿದರೆ ಟಪ್ ಎಂದು ಒಡೆದು ಅಂಕಗಳಾಗುತ್ತವೆ. ಮೊದಲ ಮರಿ ಒಡೆದಾಗ ಅತ್ತೆ ರಿಮೋಟು ಕೆಳಗಿಟ್ಟರು. "ಸತ್ತತೇನ ಅದು?" ಎಂದು ಕೇಳಿದರು. ಇಲ್ಲ ಎಂದು ಒಪ್ಪಿಸಲು ನನಗೆ ಸಾಕುಬೇಕಾಯಿತು.

ಇದೆಲ್ಲ ಹೋಗಲಿ. ಹಿಂದೆ ಉಳಿದವರನ್ನು ಈ ಆಟ ಏನು ಮಾಡುತ್ತದೆ ಗೊತ್ತೇ? ಮುಂದಿನವರು ಸ್ವಲ್ಪ ದೂರ ಹೋದರೆ ಸಾಕು, ಹಿಂದಿನವರನ್ನು ಒಂದು ಸಾಬೂನಿನ ಗುಳ್ಳೆಯೊಳಗೆ ತುಂಬಿ, ಗಾಳಿಯಲ್ಲಿ ಎಳೆದುಕೊಂಡು ಬಂದು ಮುಂದಿನವರ ಪಕ್ಕ ಬೀಳಿಸುತ್ತದೆ. ಅತ್ತೆ ಒಂದು ಗುಂಡಿಯೊಳಗೆ ಇಣುಕಿ ನೋಡುತ್ತಿರುತ್ತಾರೆ, ಅಷ್ಟರಲ್ಲಿ ಗುಳ್ಳೆ ಬಂದು ಎತ್ತಿಕೊಂಡು ಹೋಗುತ್ತದೆ. "ಏ, ಏ, ಅಲ್ಲೊಂದ ಉಳದೈತಿ" ಎನ್ನುತ್ತಲೇ ಅವರು ತೇಲಿ ಬರುತ್ತಿದ್ದರು. ಗುಳ್ಳೆ ಬೀಳಿಸಿದ ಮೇಲೆ ಹಿಂತಿರುಗಲು ದಾರಿ ಇಲ್ಲ. ಕೊನೆಯಲ್ಲಿ ಒಂದು ಮೆಟ್ಟಿಲು ಕಟ್ಟೆ. ಕೆಂಪು ಟೊಪ್ಪಿಗೆ ಮೇಲಿನ ಮೆಟ್ಟಿಲಲ್ಲಿ ಕಿರೀಟ ಇಟ್ಟುಕೊಂಡು ಕುಣಿಯುತ್ತದೆ, ಹಳದಿಯದು ಕೆಳಗೆ ತಲೆ ತಗ್ಗಿಸಿ ನಿಲ್ಲುತ್ತದೆ.

"ನಾ ಯಾಕ ತೆಳಗ ನಿಂತೇನಿ?" ಎಂದು ಕೇಳಿದರು ಅತ್ತೆ.

"ಅಂಕ ಕಡಿಮಿ ಬಂದಾವಂತ್ರಿ."

"ಕೂಡೇ ಬಂದೇವಲ್ಲ?"

ಮುಂದಿನ ಸಲ ಅವರೂ ಅಂಕಕ್ಕೆ ಬಿದ್ದರು. ನನ್ನನ್ನು ತಳ್ಳಿ ಮರಿ ಒಡೆಯತೊಡಗಿದರು, ಒಮ್ಮೆ ನನ್ನ ಮೊಣಕೈಗೆ ತಿವಿದು ಗುಂಡಿಗೆ ಬೀಳಿಸಿ ನಕ್ಕರು. ನಾನೂ ಬಿಡಲಿಲ್ಲ. ಈ ರೋಗ ಅಡುಗೆ ಮನೆಗೂ ಹತ್ತಿತು. ಯಾರು ಎಷ್ಟು ರೊಟ್ಟಿ ಬಡಿದರು, ಯಾರು ನಲ್ಲಿ ನೀರು ಹಿಡಿದರು ಎಂಬ ಮಾತು ಬಂತು. ಕೊನೆಗೆ ಅವರು "ನನಗ ಕಣ್ಣ ಮಂಜ ಆಗಾಕತ್ತಾವ, ನೀ ಆಡು" ಎಂದು ಕಿಟಕಿಯ ಹತ್ತಿರ ಹೋಗಿ ಕುಳಿತರು. ಮರುವಾರ ಬೆಲ್ಲದ ಬಾಗೇವಾಡಿಯಲ್ಲಿರುವ ಮಗಳ ಮನೆಗೆ ಹೊರಟರು.

ಅವರಿಲ್ಲದಾಗ ನಾನು ಆಟ ಹಚ್ಚಿದೆ. ಅವರು ಬರುವುದರೊಳಗೆ ಅಂಕ ಕಾಣದ ಹಾಗೆ ಮಾಡುವ ಉಪಾಯ ಎಲ್ಲಾದರೂ ಇದೆಯೇ ಎಂದು ಹುಡುಕುವುದು ನನ್ನ ಉದ್ದೇಶವಾಗಿತ್ತು. ಆ ಉಪಾಯ ಸಿಗಲಿಲ್ಲ. ಬದಲಿಗೆ ಆಟವೇ ಕೇಳಿತು: ಜೊತೆಗೆ ಯಾರೂ ಇಲ್ಲವೇ, ನಾನೇ ಒಬ್ಬರನ್ನು ಕೊಡಲೇ? ಕೊಟ್ಟೂಬಿಟ್ಟಿತು. ಹಳದಿ ಟೊಪ್ಪಿಗೆ ತಾನಾಗಿಯೇ ನಡೆಯತೊಡಗಿತು. ಜಿಗಿ ಎಂದು ಹೇಳಬೇಕಾಗಿಲ್ಲ, ಬೀಳುವುದಿಲ್ಲ, ಏನೂ ಕೇಳುವುದಿಲ್ಲ, ಗುಂಡಿಯೊಳಗೆ ಇಣುಕುವುದಿಲ್ಲ. ಇಷ್ಟು ಬೇಸರದ ಜೊತೆಗಾರನನ್ನು ನಾನು ಕಂಡಿಲ್ಲ.

ಸರಿಯಾಗಿ ಆಗಲೇ ಅತ್ತೆ ಬಂದರು. ಫೋನು ಮಾಡದೆ, ಹೇಳಿದ್ದಕ್ಕಿಂತ ಮೊದಲೇ. ಕೈಯಲ್ಲಿ ಮಗಳು ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ. ಟಿವಿ ನೋಡಿದರು, ನನ್ನ ಪಕ್ಕದ ಖಾಲಿ ಜಾಗ ನೋಡಿದರು.

"ನನ್ನ ಟೊಪಗಿ ಹಾಕ್ಕೊಂಡಾವ ಯಾರು?"

"ಯಾರೂ ಇಲ್ರಿ. ಮಷೀನ ಆಡಾಕತ್ತೈತಿ."

"ಚಲೋ ಆಡತೈತಿ" ಎಂದರು. ಡಬ್ಬಿಯನ್ನು ಅಡುಗೆ ಮನೆಯಲ್ಲಿಟ್ಟು ಕಾಲು ತೊಳೆಯಲು ಹೋದರು.

ಆ ವಾರವೆಲ್ಲ "ಚಾ ಆತೇನ?", "ಆತ್ರಿ". ಶನಿವಾರ ಊಟ ಮಾಡುತ್ತ, ಮೊಣಕಾಲು ಆರಾಮಾಗಿದೆ, ನಾಳೆ ಕುಲಗೋಡಕ್ಕೆ ಹೋಗುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದರು. ಮೊಣಕಾಲು ಎಷ್ಟು ಆರಾಮಾಗಿತ್ತು ಎಂದರೆ ಆ ಮಾತು ಹೇಳಿ ಏಳುವಾಗ ಗೋಡೆ ಹಿಡಿದು ಎದ್ದರು. ನನ್ನ ಗಂಡ, "ಆಟಕ್ಕ ಯಾರಾರ ಸಿಟ್ಟ ಆಗ್ತಾರೇನು?" ಎಂದು ನಗಾಡಿದರು. ಅವರ ತಾಯಿ ಮನೆ ಬಿಟ್ಟು ಹೊರಟಿದ್ದರು, ನನಗೆ ಸಿಕ್ಕಿದ್ದ ಒಂದು ಜೀವ ಕೈ ಬಿಟ್ಟು ಹೋಗುತ್ತಿತ್ತು, ಈ ಮನುಷ್ಯನಿಗೆ ನಗು.

ಭಾನುವಾರ ಬೆಳಿಗ್ಗೆ ಅವರು ಸೀರೆಗಳನ್ನು ಕೈಚೀಲಕ್ಕೆ ತುಂಬಿಕೊಂಡು ಕುಳಿತರು. ಗಂಡ ಆಟೋ ತರಲು ಹೋದರು. ನನಗೆ ತಡೆಯಲಾಗಲಿಲ್ಲ, ಟಿವಿ ಹಚ್ಚಿ ರಿಮೋಟನ್ನು ಅವರ ಮುಂದೆ ಹಿಡಿದೆ.

"ಇದೊಂದ ಗುಡ್ಡ ಆಡಿ ಹೋಗ್ರಿ ಅತ್ತಿ."

"ನಿನಗ ಆಡಾಕ ಆಳ ಸಿಕ್ಕಾನಲ್ಲ."

"ಅದು ಆಳಲ್ರಿ. ನೀವು ಇಲ್ಲಂದ್ರ ನನಗ ಬ್ಯಾಸರ ಆಗ್ತೈತಿ. ಖರೆ ಹೇಳಾಕತ್ತೇನಿ. ನೀವು ಹೋಗಬ್ಯಾಡ್ರಿ."

ಅವರು ಕೈಚೀಲದ ಬಾಯಿ ಕಟ್ಟಿದರು. ಆಮೇಲೆ, "ನೀ ಕರದರ ನಾ ಬರ್ತೇನಿ. ಎಳದರ ಬರಂಗಿಲ್ಲ" ಎಂದರು.

"ನಾ ಎಲ್ಲಿ ಎಳದೇನ್ರಿ? ಆಟಾನ ಹಂಗ ಮಾಡ್ಯಾರ. ಗುಳ್ಳಿ ಬಂದ ಎಳೀತೈತಿ. ಕೆಟ್ಟ ಆಟ ಐತ್ರಿ ಇದು." ನಾನು ಬಾಗಿಲು, ಮರಿ, ಕಿರೀಟ ಎಲ್ಲದರ ಮೇಲಿನ ದೂರನ್ನು ಒಂದೇ ಉಸಿರಿನಲ್ಲಿ ವಾದಿಸಿದೆ. ಕೋರ್ಟಿನಲ್ಲಿಯೂ ಅಷ್ಟು ಜೋರಾಗಿ ವಾದಿಸಿಲ್ಲ.

"ಕೆಟ್ಟ ಆಟ ಖರೆ" ಎಂದರು ಅತ್ತೆ, ಅವರ ದನಿಯೂ ಏರಿತ್ತು. "ಆದರ ಗುಳ್ಳಿ ತಾನ ಬರಂಗಿಲ್ಲ. ನೀ ಓಡಿದಾಗ ಬರತೈತಿ. ಹಳೇದರಾಗ ಬಾಗಲಾ ನಿನ್ನ ನಿಂದರಸ್ತಿತ್ತು. ಇದರಾಗ ನಿನ್ನ ನಿಂದರಸಾವ್ರು ಯಾರೂ ಇಲ್ಲ."

ಹಳೆಯ ಆಟದಲ್ಲಿ ನಾನು ಅವರಿಗಾಗಿ ಕಾಯುತ್ತಿದ್ದೆ ಎಂದೇ ಅಂದುಕೊಂಡಿದ್ದೆ. ಕಾಯದೆ ನನಗೆ ದಾರಿಯೇ ಇರಲಿಲ್ಲ ಎಂಬುದು ತಲೆಗೆ ಬಂದಿರಲಿಲ್ಲ.

ಅವರು ರಿಮೋಟು ತೆಗೆದುಕೊಂಡರು. ಆಟ ಶುರುವಾಯಿತು. ನನ್ನ ಬೆರಳು ಅಭ್ಯಾಸ ಬಲದಿಂದ ಓಡಿಸಲು ಹೋಯಿತು, ಹಿಡಿದುಕೊಂಡೆ. ಕೆಂಪು ಟೊಪ್ಪಿಗೆಯನ್ನು ಒಂದು ಕಟ್ಟೆಯ ಮೇಲೆ ನಿಲ್ಲಿಸಿದೆ. ಮುಂದಿನ ಬಾಗಿಲು ತಾನಾಗಿ ತೆರೆದು ಮಿಣಮಿಣ ಮಿನುಗತೊಡಗಿತು, ಮೂಲೆಯಲ್ಲಿ ಅಂಕ ಇಳಿಯತೊಡಗಿತು, ಬಾ ಬಾ ಎಂದು ಬಾಣದ ಗುರುತು ಕುಣಿಯಿತು. ಗುಳ್ಳೆ ಮಾತ್ರ ಬರಲಿಲ್ಲ. ಅತ್ತೆ ಒಂದೊಂದೇ ಗುಂಡಿಗೆ ಇಣುಕುತ್ತ, ಬಿದ್ದು ಏಳುತ್ತ, ನನ್ನ ತಾಳ್ಮೆ ಪರೀಕ್ಷಿಸಲೆಂದೇ ಇನ್ನೂ ನಿಧಾನ ಮಾಡುತ್ತ ಬರುತ್ತಿದ್ದರು. ಬೇಕೆಂದೇ ಎರಡು ಸಲ ಹಿಂದಕ್ಕೂ ಹೋದರು.

ಹೊರಗೆ ಆಟೋ ಹಾರ್ನು ಹೊಡೆಯಿತು. ಗಂಡ ಬಾಗಿಲಲ್ಲಿ ಬಂದು, "ಯವ್ವಾ, ಆಟೋ ಬಂದೈತಿ, ಬಸ್ಸ ತಪ್ಪತೈತಿ" ಎಂದರು.

ಅತ್ತೆ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಕಳಿಸಿಬಿಡು ಅದನ್ನ. ಇಕಿ ಈಗ ನಿಂದರಾಕ ಕಲಿಯಾಕತ್ತಾಳ."

ನನಗೆ ಮೈಯೆಲ್ಲ ಉರಿಯಿತು. ಆದರೂ ಕಟ್ಟೆಯ ಮೇಲೆ ನಿಂತೇ ಇದ್ದೆ.