ಬಿರುಕಿಗೆ ಬಳಿದ ಬಗ್ಗಡ

ಮಕ್ಕಳೇ, ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದ ತುಳಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಊರಿಗೆ ಊರೇ ಕಣದಲ್ಲಿರುತ್ತಿತ್ತು. ಬೇಲೂರಿನ ಹತ್ತಿರ, ಯಗಚಿ ಹೊಳೆಯ ದಂಡೆಯಲ್ಲಿ ನನ್ನ ತವರಿನ ಹೊಲ. ಜಾಗ ಸಾಲದೆಂದು ಅಪ್ಪ ದಂಡೆಯ ಅಂಚಿಗೆ ಗಾಡಿಗಟ್ಟಲೆ ಹೊಳೆಮರಳು ಸುರಿದು, ಮೇಲೆ ಜೇಡಿಮಣ್ಣು ಹಾಕಿ ಕಣವನ್ನು ಅಗಲ ಮಾಡಿದ್ದ. ಸಗಣಿಯ ಬಗ್ಗಡ ಬಳಿದರೆ ನಡುಮನೆಯಷ್ಟು ನುಣುಪು. ಹಸಿ ಸಗಣಿ, ಹೊಸ ರಾಗಿ, ಬೇಯುವ ಸೊಗಡವರೆ, ಎಲ್ಲ ಸೇರಿದ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಒಕ್ಕಣೆಯ ಗದ್ದಲದಲ್ಲಿ ನಮ್ಮನ್ನು ಕೇಳುವವರಿಲ್ಲ. ನಾನೂ ತಂಗಿ ಪುಟ್ಟಿಯೂ ನೀರಂಚಿನ ಒದ್ದೆ ಮರಳಿನಲ್ಲಿ ನಿಂತಲ್ಲೇ ಕುಣಿಯುತ್ತಿದ್ದೆವು. ಗಟ್ಟಿಯಾಗಿದ್ದ ಮರಳು ನೋಡನೋಡುತ್ತ ಅಂಬಲಿಯಾಗಿ, ನೀರು ಮೇಲೆದ್ದು, ಕಾಲು ಹೂತುಹೋಗುತ್ತಿತ್ತು. "ನಂದೇ ಜಾಸ್ತಿ ಇಳೀತು ಕಣೇ!" ಎಂದು ಪುಟ್ಟಿ ಕೂಗುತ್ತಿದ್ದಳು.

ನನಗೆ ಒಂಬತ್ತು ವರ್ಷ. ರಾಶಿ ಹಾಕಿ ಪೂಜೆಗೆ ಅಣಿ ಮಾಡುತ್ತಿದ್ದ ದಿನ, ಬಿಸಿಲೇರುವ ಹೊತ್ತಿಗೆ ನೆಲ ನಡುಗಿತು. ಎತ್ತುಗಳು ಹಗ್ಗ ಜಗ್ಗಿದವು.

"ಭೂಮ್ತಾಯಿ ಮೈ ಮುರಿದ್ಲು ಕಣ್ಲಾ. ನಮ್ ರಾಶಿ ನೋಡಿ ಅವಳ್ಗೂ ಆಕಳಿಕೆ ಬಂತು," ಎಂದು ದೊಡ್ಡಪ್ಪ ಅಪ್ಪನಿಗೆ ಹೇಳಿ ನಕ್ಕ.

ನಾನು ಕೆಳಗಿಳಿದು ನೋಡಿದೆ. ದಂಡೆಯ ಬುಡದಲ್ಲಿ ಮರಳಿನೊಳಗಿಂದ ನೀರು ಬುಳುಬುಳು ಉಕ್ಕುತ್ತಿತ್ತು. ಅಲ್ಲಿ ಯಾರೂ ಕುಣಿದಿರಲಿಲ್ಲ. ಮೇಲೆ ಓಡಿ ಬಂದರೆ, ರಾಶಿಗೂ ಹೊಲಕ್ಕೂ ನಡುವೆ ಬೆರಳು ತೂರುವಷ್ಟು ಬಿರುಕು.

ರಾಶಿ ಇರುವಾಗ ಕಣದಲ್ಲಿ ಕೆಟ್ಟ ಮಾತು ಬರಬಾರದೆಂದು ನಮ್ಮಲ್ಲಿ ಕಟ್ಟು. ಬಿತ್ತು, ಒಡೆಯಿತು, ಇಲ್ಲ ಎನ್ನುವಂತೆಯೂ ಇರಲಿಲ್ಲ. ಮೊದಲೇ ನಾಚಿಕೆಯ ಹುಡುಗಿ ನಾನು.

"ಅಪ್ಪಾ, ಕೆಳಗೆ ಮರಳು... ಕಣ ಕುಸೀ..."

"ಮುಚ್ಚೇ ಬಾಯಿ! ರಾಶಿ ಮುಂದೆ ಎಂಥಾ ಮಾತಾಡ್ತೀಯೆ?" ದೊಡ್ಡಪ್ಪ ಗದರಿದ.

ನಾನು ಬಿರುಕಿನ ಕಡೆ ಕೈ ತೋರಿಸಿದೆ. ಅಪ್ಪ ಬಗ್ಗಿ ನೋಡಿದ. "ಕಾಳು ಇಳ್ದೋಯ್ತವೆ. ಓಗು, ಬಗ್ಗಡ ತಂದು ಬಳಿ," ಎಂದ.

ನಾನೇ ತಂದೆ, ನಾನೇ ಬಳಿದೆ. ಬೆರಳ ಕೆಳಗೇ ಬಿರುಕು ಅಗಲವಾಗುತ್ತಿತ್ತು. ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಲ್ಲರೂ ಹೊಂಗೆ ಮರದ ಕೆಳಗೆ ಉಣ್ಣಲು ಕೂತಿದ್ದಾಗ, ಎಲೆಯಂಚಿನಿಂದ ಸಾರು ಹರಿದಂತೆ, ದಂಡೆ ಹೊಳೆಗೆ ಜಾರಿತು. ರಾಶಿಯೂ ಹೋಯಿತು. ಒಂದಷ್ಟು ದೂರ ನೀರೆಲ್ಲ ಕೆಂಪು. ಅವ್ವ ಮೊರ ಹಿಡಿದು ನೀರಿಗಿಳಿದಳು. ಅಪ್ಪ ಎಳೆದು ತಂದ.

"ಇವಳ ಬಾಯಿಂದ್ಲೇ ಬಂತು ಕಣ್ಲಾ," ಎಂದ ದೊಡ್ಡಪ್ಪ. "ಕುಸೀತು ಅಂದ್ಲು, ಕುಸೀತು."

ನಾನು ಅಪ್ಪನ ಮುಖ ನೋಡಿದೆ. ಅವನು ಹೊಳೆ ನೋಡುತ್ತಿದ್ದ. ಆ ವರ್ಷ ಸೋದರಮಾವ ಕೊಟ್ಟ ರಾಗಿಯಲ್ಲಿ ದಿನ ದೂಡಿದೆವು. ಪುಟ್ಟಿಯೂ ಸೇರಿ ಎಲ್ಲರಿಗೂ ನಾನು ಕುಸಿಬಾಯಿ. "ಕುಸಿಬಾಯಿ, ಮುದ್ದೆಗೆ ಬಾರೇ!"

ಮೊನ್ನೆ ನೀವು ಮೊಬೈಲಿನಲ್ಲಿ ತೋರಿಸಿದಿರಿ: ನೆಲ ನಡುಗಿದರೆ ನೀರು ಕುಡಿದ ಮರಳು ನೀರಿನಂತೆಯೇ ಹರಿಯುತ್ತದೆ, ಹೊಳೆದಂಡೆ ಜಾರುತ್ತದೆ. "ಇದೆಲ್ಲ ನಿಂಗೆ ಗೊತ್ತಿತ್ತಾ ಅಜ್ಜೀ?" ಎಂದು ನಕ್ಕಿರಿ. ಗೊತ್ತಿತ್ತು ಮಕ್ಕಳೇ. ನನ್ನ ಕಾಲಿಗೆ ಗೊತ್ತಿತ್ತು.

ಈಗ ಆ ಕಣವಿಲ್ಲ. ಹೊಳೆಯ ಮರಳನ್ನೂ ಟ್ರ್ಯಾಕ್ಟರುಗಳು ಹೊತ್ತೊಯ್ದು ಬರೀ ಬಂಡೆ ಉಳಿದಿದೆ. ಅದಕ್ಕಾದರೂ ಸಮಾಧಾನ ಹೇಳಿಕೊಂಡೇನು, ಇನ್ನೊಂದಕ್ಕೆ ಆಗದು. ನಿಮ್ಮ ತಾತ ಹೋದ ಮೇಲೆ ನನ್ನ ಅಪ್ಪ ಜಾವಗಲ್ಲಿನ ನಮ್ಮ ಮನೆಗೆ ಬಂದು ಆರು ತಿಂಗಳು ನನ್ನ ಜೊತೆಗಿದ್ದ, ಅವನ ಕೊನೆಯ ಆರು ತಿಂಗಳು. ಜಗಲಿಯಲ್ಲಿ ಕೂತು ಹಳೆಯದನ್ನೆಲ್ಲ ಹೇಳುತ್ತಿದ್ದ, ಎತ್ತುಗಳ ಹೆಸರನ್ನೂ ಮರೆತಿರಲಿಲ್ಲ. ಅವತ್ತು ಕೆಳಗೆ ಏನು ನೋಡಿ ಓಡಿ ಬಂದೆ ಎಂದು ಕೇಳಿಯಾನು ಎಂದು ದಿನವೂ ಕಾದೆ. ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.