ತಂತಿ ಎತ್ತರದಲ್ಲಿತ್ತು

“ಆಂಟಿ, ಹೊಸದರ ಹಾಗೇ ಇದೆಯಲ್ಲ, ಯಾಕೆ ಮಾರ್ತಿದ್ದೀರಾ?” ಎಂದು ಕೇಳಿದಳು, ನನ್ನ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದ ಹುಡುಗಿ. ಇಲ್ಲಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ಹಾಕಿದ್ದ ಫೋಟೊ ನೋಡಿ ಬಂದಿದ್ದಳು. ಎಪ್ಪತ್ತು ದಾಟಿದ ಮೇಲೆ ಆಸೆಪಟ್ಟು ಕೊಂಡ ಅಗ್ಗದ ಬಿಗಿನರ್ ಗಿಟಾರ್ ಅದು.

“ಬೆರಳು ನೋಯತ್ತಮ್ಮ. ನನ್ನ ಏಜಿಗೆ ಇದೆಲ್ಲ ಅಲ್ಲ,” ಎಂದೆ.

ಅವಳು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. “ಅರೇ, ತಂತಿ ಇಷ್ಟು ಮೇಲಿದ್ರೆ ಒತ್ತುವಾಗ ನಂಗೂ ನೋಯತ್ತೆ. ಅಂಗಡಿಯಲ್ಲಿ ತಂತಿ ತಗ್ಗಿಸಿ ಸೆಟಪ್ ಮಾಡಿಸ್ಲಿಲ್ವಾ?”

ಹಾಗೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಪಿಯಾನೊ ಕಲಿಸಿದ ಸಿಸ್ಟರ್, ಬೆರಳು ನೋಯದೆ ಸಂಗೀತ ಬಾರದು ಎನ್ನುತ್ತಿದ್ದರು. ಈ ನೋವೂ ಡಿಸಿಪ್ಲಿನ್ನಿನ ಭಾಗವೆಂದೇ ತಿಂಗಳುಗಟ್ಟಲೆ ಸಹಿಸಿದ್ದೆ.

ಹುಡುಗಿ ಬ್ಯಾಗಿನಿಂದ ಪುಟ್ಟ ಆಲನ್ ಕೀ ತೆಗೆದು, ತಂತಿಗಳು ಕೂರುವ ಬ್ರಿಜ್ಜಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ತಗ್ಗಿಸಿದಳು. ಮತ್ತೆ ಶ್ರುತಿ ಮಾಡಿ ನನ್ನ ತೊಡೆಯ ಮೇಲಿಟ್ಟಳು. ಮೆಲ್ಲಗೆ ಒತ್ತಿದರೂ ಸ್ವರ ಸ್ಪಷ್ಟವಾಗಿ ಹೊರಟಿತು. ನಾನು ಮತ್ತೆ ಮತ್ತೆ ನುಡಿಸುತ್ತಲೇ ಇದ್ದೆ.

“ಇದು ಇನ್ನು ನಂಗೆ ಸಿಗಲ್ಲ ಬಿಡಿ,” ಎಂದು ನಕ್ಕಳು. “ಮುಂದಿನ ಸಲ ತೆಳು ತಂತಿ ಹಾಕಿಸ್ಕೊಳ್ಳಿ, ನೈನ್ ಗೇಜ್ ಅಂತ ಕೇಳಿ. ಚಲೋ ಆಂಟಿ, ಬೇರೆ ಗಿಟಾರ್ ಹುಡುಕ್ತೀನಿ.”

ನನಗೆ ಈಗಲೂ ಸರಿಯಾಗಿ ನುಡಿಸಲು ಬರುವುದು ಮೂರೇ ಕಾರ್ಡ್, ಮೂರೇ ಸ್ವರಗುಚ್ಛ. ಆದರೆ ಕೈಲಾಗದ್ದಕ್ಕೆಲ್ಲ ವಯಸ್ಸನ್ನು ದೂರುವ ಅಭ್ಯಾಸ ಅಂದೇ ಬಿಟ್ಟುಹೋಯಿತು.