ಅಚ್ಚಾಗದೆ ಉಳಿದ ಎಸ್ಕರಿನ್

ಮಾರ್ಲಿಸ್ ಟೊರ್ಗರ್ಸನ್ ಹದಿಮೂರು ವರ್ಷ ಇಲ್ಲದ ಊರುಗಳ ನಕ್ಷೆ ಬರೆದಳು. ವಿಸ್ಕಾನ್ಸಿನ್‌ನ ನಮ್ಮ ಸಣ್ಣ ಊರಿನಲ್ಲಿ, ಒಂದು ಕಾಲಕ್ಕೆ ಬೆಣ್ಣೆ ತೆಗೆಯುತ್ತಿದ್ದ ಹಳೇ ಕಟ್ಟಡದ ಮಹಡಿಯ ಮೇಲೆ, ನನ್ನ ಪಕ್ಕದ ಮೇಜೇ ಅವಳದು. ನಾನು ಅಚ್ಚಿಗೆ ಪುಟ ಜೋಡಿಸುವವಳು. ನಮ್ಮ ಕಂಪನಿ ತರುತ್ತಿದ್ದುದು ಕಥೆಯಾಟದ ಪುಸ್ತಕಗಳನ್ನು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ, ಒಬ್ಬೊಬ್ಬರೂ ಒಂದೊಂದು ಪಾತ್ರ, ಕಥೆ ನಡೆಸಲು ಒಬ್ಬರು, ಕಷ್ಟದ ಗಳಿಗೆ ಬಂದರೆ ದಾಳ. ಕಥೆ ನಡೆಯಲು ಒಂದು ಲೋಕ ಬೇಕಲ್ಲ, ಅಂಥ ಆರು ಲೋಕಗಳನ್ನು ನಾವು ಸಾಕುತ್ತಿದ್ದೆವು. ಪ್ರತಿಯೊಂದಕ್ಕೂ ವರ್ಷಕ್ಕೆ ಎರಡು ಹೊಸ ಪುಸ್ತಕ. ಎಸ್ಕರಿನ್ ಎಂಬ ಕಡಲ ಲೋಕ ಮಾರ್ಲಿಸ್‌ಳ ಪಾಲಿನದು. ಅದನ್ನು ಹುಟ್ಟಿಸಿದವನು ಎಂದೋ ಕೆಲಸ ಬಿಟ್ಟು ಹೋಗಿದ್ದ, ಸಾಕಿದವಳು ಇವಳು.

೧೯೯೬ರ ಮಾರ್ಚಿನಲ್ಲಿ, ಆರರಲ್ಲಿ ಎರಡೇ ಲೋಕ ಉಳಿಯುತ್ತವಂತೆ ಎಂಬ ಮಾತು ಹಬ್ಬಿತು. ಯಾವ ಎರಡು ಎಂದು ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಮಾರ್ಲಿಸ್‌ಳ ಪೆನ್ನು ನಿಲ್ಲುತ್ತಿತ್ತು. ಡಬ್ಬಿಯ ಊಟ ಹಾಗೇ ಮನೆಗೆ ವಾಪಸು. ಊರ ಹೋಟೆಲಿನ ಶುಕ್ರವಾರದ ಮೀನೂಟಕ್ಕೆ ಎಳೆದುಕೊಂಡು ಹೋದರೆ ತಟ್ಟೆ ಕೆದಕುತ್ತ ಕೂತಳು.

"ತಿನ್ನೇ, ಮೀನು ಏನ್ ತಪ್ಪು ಮಾಡ್ತು?" ಅಂದೆ.

"ವರ್ನಾ, ಥಾರ್ನ್‌ವಿಕ್ ಕಥೆ ಅರ್ಧಕ್ಕೇ ನಿಂತಿದೆ ಕಣೇ. ಅಲ್ಲೇ ಬಿಟ್ಬಿಡಕ್ಕಾಗುತ್ತಾ?"

ಹಿಂದಿನ ಪುಸ್ತಕದಲ್ಲಿ ಶತ್ರುಗಳ ಹಡಗುಗಳು ಥಾರ್ನ್‌ವಿಕ್ ಎಂಬ ಬಂದರನ್ನು ಸುತ್ತುವರಿದಿದ್ದವು. ಕೋಟೆಯ ಬಾಗಿಲು ಯಾರು ತೆಗೆಯುತ್ತಾರೆ ಎಂಬುದು ಮುಂದಿನ ಪುಸ್ತಕದಲ್ಲಿ ಎಂದು ಕೊನೆಯ ಪುಟದಲ್ಲಿ ಮಾತು ಕೊಟ್ಟಿದ್ದೆವು. ಆ ಮುಂದಿನ ಪುಸ್ತಕ ಬರೆದು ಮುಗಿದಿತ್ತು, ನಕ್ಷೆಗಳೂ ಸಿದ್ಧವಿದ್ದವು.

ಏಪ್ರಿಲ್‌ನಲ್ಲಿ ಅವಳಿಗೊಂದು ಕಾಗದ ಬಂತು. ಸ್ಟೀವನ್ಸ್ ಪಾಯಿಂಟ್ ಕಡೆಯ ಒಂದು ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡುವ ಯೂನಿಸ್ ಸಿಕೋರ್ಸ್ಕಿ ಎಂಬಾಕೆಯದು. "ನಾವು ಆರು ಜನ ಹನ್ನೊಂದು ವರ್ಷದಿಂದ ಎಸ್ಕರಿನ್ ಆಡುತ್ತಿದ್ದೇವೆ. ಥಾರ್ನ್‌ವಿಕ್ ಬಾಗಿಲಲ್ಲಿ ನಿಂತು ಆರು ತಿಂಗಳಾಯಿತು. ಮೇ ಕೊನೆಗೆ ಮಿಲ್ಲು ಮುಚ್ಚುತ್ತದೆ. ಆಮೇಲೆ ಆರು ಜನ ಆರು ದಿಕ್ಕು. ಪುಸ್ತಕ ಅಷ್ಟರೊಳಗೆ ಬರುತ್ತದೆಯೇ?"

ಉತ್ತರ ಬರೆಯಲು ಕೂತು ಮಾರ್ಲಿಸ್ ನಾಲ್ಕು ಹಾಳೆ ಹರಿದಳು. ಮರುವಾರ ಉಳಿಯುವ ಲೋಕಗಳ ಪಟ್ಟಿ ಹೊರಬಿತ್ತು. ಎಸ್ಕರಿನ್ ಉಳಿಯಲಿಲ್ಲ.

ಅವಳು ಮ್ಯಾನೇಜರ್ ಗಾರ್ಡನ್ ಪ್ರೋಕ್ನೋನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಮಾತು ನನಗೂ ಕೇಳುತ್ತಿತ್ತು.

"ಮಾರ್ಲಿಸ್, ಒಂದು ಲೋಕ ಆಡೋರು ಇನ್ನೊಂದು ಲೋಕದ ಪುಸ್ತಕ ಮುಟ್ಟಲ್ಲ. ಇರೋ ಗಿರಾಕಿನೇ ಆರು ಪಾಲು ಮಾಡ್ಕೊಂಡು ಕೂತಿದೀವಿ. ಹಿಂಗೇ ಹೋದ್ರೆ ಕಂಪನಿನೇ ಇರಲ್ಲ."

"ಬರೆದಾಗಿದೆ, ಗಾರ್ಡಿ. ಇದೊಂದು ಹಾಕಿ ನಿಲ್ಲಿಸಿ. ಕಾಯ್ತಾ ಇದಾರೆ ಜನ."

"ಆಗಲ್ಲ. ಅಚ್ಚಾಗದೇ ಇದ್ದಿದ್ದು ಒಂದು ಹಾಳೇನೂ ಈ ಕಟ್ಟಡ ಬಿಟ್ಟು ಹೋಗಬಾರದು. ಅದು ಕಂಪನಿ ಸ್ವತ್ತು. ವಕೀಲರು ಹೇಳಿದಾರೆ."

ಹೊರಗೆ ಬಂದವಳ ಕತ್ತಿನ ಮೇಲೆಲ್ಲ ಕೆಂಪು ಗಂದೆ ಎದ್ದಿತ್ತು. "ನಕಲು ತೆಗೆದು ಕಳಿಸೇ, ಯಾರ್ ನೋಡ್ತಾರೆ?" ಎಂದು ಪಿಸುಗುಟ್ಟಿದೆ.

"ಅಯ್ಯೋ, ಬೇಡಪ್ಪಾ! ಕೋರ್ಟಿಗೆ ಎಳೆದ್ರೆ?"

ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ, ಬರುತ್ತೇನೆಂದು ಯೂನಿಸ್‌ಗೆ ಮೊದಲೇ ತಿಳಿಸಿ, ಅವಳೊಬ್ಬಳೇ ಕಾರು ತೆಗೆದುಕೊಂಡು ಸ್ಟೀವನ್ಸ್ ಪಾಯಿಂಟಿಗೆ ಹೊರಟಳು. ಒಂದು ಹಾಳೆಯನ್ನೂ ಒಯ್ಯಲಿಲ್ಲ, ಕಥೆ ತಲೆಯಲ್ಲೇ ಇತ್ತು. ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಿ ಹಿಂದಿರುಗೋಣವೇ ಎಂದು ಕೂತಿದ್ದಳಂತೆ. ಯೂನಿಸ್‌ಳ ಮನೆಯ ನೆಲಮಾಳಿಗೆಯಲ್ಲಿ ಆರೂ ಜನ ಕಾದಿದ್ದರು. ಸಾಸೇಜು, ಚೀಸು, ಬಿಯರು. ಕಥೆ ನಡೆಸಲು ಇವಳನ್ನೇ ಕೂರಿಸಿದರು.

ಪುಸ್ತಕದ ಪ್ರಕಾರ ಬಂದರಿನ ಅಧಿಕಾರಿ ದ್ರೋಹ ಮಾಡಿ ಬಾಗಿಲು ತೆಗೆಯಬೇಕು. ಅಲ್ಲಿಗೆ ಬರುವ ಮೊದಲೇ ಯೂನಿಸ್ ಅಂದಳು: "ಬಾಗಿಲು ನಾವೇ ತೆಗೀತೀವಿ."

"ಹೊರಗೆ ಶತ್ರುಗಳಿದಾರಲ್ಲ?" ಎಂದಳು ಮಾರ್ಲಿಸ್.

"ಅದು ಸಮುದ್ರದ ಕಡೆ. ನಾವು ತೆಗೆಯೋದು ಬೆಟ್ಟದ ಕಡೇದು. ಜನನೆಲ್ಲ ಹೊರಡಿಸಿಕೊಂಡು ಹೋಗ್ತೀವಿ. ಊರು ಬೇಕಾದ್ರೆ ಅವರೇ ಇಟ್ಕೊಳ್ಲಿ. ಗೋಡೆ ನೋಡ್ಕೊಂಡು ಸಾಯಕ್ಕಾಗುತ್ತಾ?"

ಯಾರೂ ನಗಲಿಲ್ಲ. ಮಾರ್ಲಿಸ್ ಮೇಜಿನ ಮೇಲಿದ್ದ ಹಿಂದಿನ ಪುಸ್ತಕದ ನಕ್ಷೆಯತ್ತ ಬಗ್ಗಿದಳು. ಬೆಟ್ಟದ ಬಾಗಿಲನ್ನು ನಕ್ಷೆಯಲ್ಲಿ ಬರೆದವಳು ಅವಳೇ. ಅದರಿಂದ ಹೊರಟು ಹೋಗಬಹುದೆಂದು ಅವಳಿಗೇ ಹೊಳೆದಿರಲಿಲ್ಲ. ಹಾಗಲ್ಲ, ಪುಸ್ತಕದಲ್ಲಿ ಬೇರೆ ಇದೆ ಎಂದುಬಿಡಲೇ? ಕೊನೆಗೆ, "ದಾಳ ಹಾಕಿ" ಅಂದಳು. ಸಂಜೆಯ ಹೊತ್ತಿಗೆ ಮೂರು ಸಾವಿರ ಜನ ಬೆಟ್ಟ ದಾಟಿದ್ದರು. ಬೀಳ್ಕೊಡುವಾಗ ಆ ಆರು ಜನರಲ್ಲಿ ಗಡ್ಡದ ಮುದುಕನೊಬ್ಬ ಅವಳ ಕೈ ಹಿಡಿದು ಕಾರಿನವರೆಗೂ ಬಂದನಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಹತ್ತು ದಿನ ಬಿಟ್ಟು ಗಾರ್ಡಿ ಅವಳನ್ನು ಕರೆಸಿದ. ಯೂನಿಸ್ ಪುಣ್ಯಾತ್ಗಿತ್ತಿ ಆಟದಲ್ಲಿ ನಡೆದುದನ್ನೆಲ್ಲ ವಿವರಿಸಿ ಧನ್ಯವಾದದ ಕಾಗದ ಬರೆದಿದ್ದಳು, ಅದೂ ನೇರವಾಗಿ ಕಂಪನಿಯ ಹೆಸರಿಗೆ! ಮಾರ್ಲಿಸ್ ಒಳಗೆ ಹೋದಳು, ಬಾಗಿಲು ಈ ಸಲವೂ ತೆರೆದೇ ಇತ್ತು.

"ಪುಸ್ತಕದಲ್ಲಿದ್ದಿದ್ದು ಹೇಳಿದ್ರಾ?"

"ಇಲ್ಲ. ಅದಕ್ಕೆ ಅವರು ಅವಕಾಶನೇ ಕೊಡಲಿಲ್ಲ. ಬೇರೇನೇ ಮಾಡಿದ್ರು."

ಗಾರ್ಡಿ ಕಾಗದವನ್ನು ಮತ್ತೊಮ್ಮೆ ಓದಿದ. "ನಮ್ಮದಕ್ಕಿಂತ ಚೆನ್ನಾಗಿದೆ, ಅಲ್ವಾ?" ಅಂದ. ಕಾಗದವನ್ನು ಮಡಚಿಟ್ಟ. "ಪುಸ್ತಕ ಹಾಕಕ್ಕಾಗಲ್ಲ. ಪತ್ರಿಕೆಯಲ್ಲಿ ಒಂದು ಪುಟ ಕೊಡ್ತೀನಿ. ಏನ್ ಬರೀತೀರೋ ಬರೀರಿ, ವಕೀಲರಿಗೆ ನಾನ್ ಹೇಳ್ತೀನಿ."

ನಮ್ಮ ಕಂಪನಿಯ ತಿಂಗಳ ಪತ್ರಿಕೆಯ ಆ ಪುಟವನ್ನು ಜೋಡಿಸಿದವಳು ನಾನೇ. ಇನ್ನು ಎಸ್ಕರಿನ್‌ಗೆ ಹೊಸ ಪುಸ್ತಕ ಬರುವುದಿಲ್ಲ, ನಿಮ್ಮ ಮೇಜಿನ ಮೇಲೆ ಥಾರ್ನ್‌ವಿಕ್‌ಗೆ ಏನಾಯಿತೋ ಅದೇ ನಿಜ, ಅದನ್ನು ಸುಳ್ಳು ಮಾಡುವಂಥದ್ದನ್ನು ನಾವು ಇನ್ನು ಅಚ್ಚು ಹಾಕುವುದಿಲ್ಲ ಎಂದು ಮಾರ್ಲಿಸ್ ಬರೆದಿದ್ದಳು. ಬರೆದಮೇಲೂ ಸಮಾಧಾನವಿಲ್ಲ. ಬೈದು ಕಾಗದ ಬರುತ್ತದೆಂದು ಎರಡು ತಿಂಗಳು ಅಂಚೆಯವನನ್ನು ಕಂಡರೆ ಬೆಚ್ಚುತ್ತಿದ್ದಳು. ಬೈದವರೂ ಇದ್ದರು. ತಮ್ಮ ಥಾರ್ನ್‌ವಿಕ್‌ಗೆ ಏನಾಯಿತೆಂದು ಬರೆದವರು ಅವರಿಗಿಂತ ಹೆಚ್ಚು.

ಆಗಸ್ಟಿನಲ್ಲಿ ಹನ್ನೆರಡು ಜನರನ್ನು ಕೆಲಸದಿಂದ ತೆಗೆದರು, ಅದರಲ್ಲಿ ಅವಳೂ ಇದ್ದಳು. ಚಳಿಗಾಲಕ್ಕೆ ಮುಂಚೆ ನಮ್ಮ ಜಿಲ್ಲೆಯ ಜಮೀನು ನಕ್ಷೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ನೋಡಲು ಹೋದಾಗ ಒಂದು ಹೊಲದ ಗಡಿಯ ಅಳತೆಯನ್ನು ಮೂರನೇ ಸಲ ತಾಳೆ ನೋಡುತ್ತಿದ್ದಳು.

"ಇಲ್ಲೂ ಅದೇ ಭಯನೇನೇ?" ಅಂದೆ.

"ಇದು ಇನ್ನೂ ಜಾಸ್ತಿ ಕಣೇ. ಇಲ್ಲಿ ಒಂದು ಗೆರೆ ತಪ್ಪಿದ್ರೆ ಯಾರೋ ನಿಜವಾಗ್ಲೂ ಬೇಲಿ ಕೀಳ್ತಾರೆ," ಎಂದು ಅಳತೆಪಟ್ಟಿಯನ್ನು ಮತ್ತೆ ಗೆರೆಗೆ ಹೊಂದಿಸಿದಳು.